ನೋವು ಎಲ್ಲಿದೆ?

"ಎದೆಯಲ್ಲಿ ನೋವಿದೆಯಾ ಅಮ್ಮಾ?" ಎಂದು ಕೇಳಿದೆ.

"ಇಲ್ಲೆ," ಎಂದರು ವಾಗ್ದೇವಮ್ಮ.

"ಹೊಟ್ಟೆಯಲ್ಲಿ?"

"ಇಲ್ಲೆ."

"ತಲೆ?"

"ಇಲ್ಲೆ, ಇಲ್ಲೆ!" ಗೊಗ್ಗರು ಧ್ವನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು.

ವರದಮೂಲ ಎಂಬ ಹಳ್ಳಿಯ ಈ ಅರವತ್ತೆಂಟರ ಹೆಂಗಸು ನ್ಯುಮೋನಿಯಾ ಆಗಿ ಐದು ದಿನ ವೆಂಟಿಲೇಟರಿನಲ್ಲಿದ್ದರು. ಗಂಟಲಿನ ಕೊಳವೆ ತೆಗೆದದ್ದು ಆ ದಿನ ಬೆಳಿಗ್ಗೆಯಷ್ಟೇ. ಸಂಜೆಯೊಳಗೆ ವಾರ್ಡಿಗೆ ಕಳಿಸುತ್ತೇನೆಂದು ಮಗಳು ವಿನಯಾಗೆ ನಾನೇ ಮಾತು ಕೊಟ್ಟಿದ್ದೆ. ಈಗ ನೋಡಿದರೆ ಎದೆಯಲ್ಲೂ ಇಲ್ಲೇ, ಹೊಟ್ಟೆಯಲ್ಲೂ ಇಲ್ಲೇ, ತಲೆಯಲ್ಲೂ ಇಲ್ಲೇ! ನಾನು ರಾಯಚೂರಿನವನು, ಸಾಗರದ ಈ ಆಸ್ಪತ್ರೆಗೆ ಬಂದು ಮೂರು ತಿಂಗಳು. ‘ತೀವ್ರ ನಿಗಾ ತಜ್ಞ’ ಎಂದು ಬಾಗಿಲಿಗೆ ಹಲಗೆ ಹಾಕಿಸಿಕೊಂಡವನಿಗೆ ಸುಮ್ಮನಿರಲು ಆದೀತೇ?

ಇಸಿಜಿ ಮಾಡಿಸಿದೆ, ಸರಿಯಿತ್ತು. ಎರಡು ಸಲ ರಕ್ತ ತೆಗೆಸಿದೆ. ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್ ಎಲ್ಲ ಆಯಿತು. ಬೆಟ್ಟ ಅಗೆದೆ, ಇಲಿಯೂ ಸಿಗಲಿಲ್ಲ. ಏನೂ ಸಿಗದಿದ್ದರೆ ನಮ್ಮಂಥವರು ಏನೂ ಇಲ್ಲ ಎಂದುಕೊಳ್ಳುವುದಿಲ್ಲ. ಏನೋ ದೊಡ್ಡದೇ ಇರಬೇಕು ಎಂದುಕೊಳ್ಳುತ್ತೇವೆ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಶಿವಮೊಗ್ಗಕ್ಕೆ ಕಳಿಸಿ ದೊಡ್ಡ ಸ್ಕ್ಯಾನ್ ಮಾಡಿಸೋಣ ಎಂದು ತೀರ್ಮಾನಿಸಿದೆ. ದಾರಿಯಲ್ಲಿ ಉಸಿರು ಕೈಕೊಟ್ಟರೆ ಕಷ್ಟ, ಆದ್ದರಿಂದ ಕೊಳವೆ ಮತ್ತೆ ಹಾಕಿಯೇ ಕಳಿಸುವುದು. ಆಂಬುಲೆನ್ಸಿಗೆ ಫೋನ್ ಹೋಯಿತು.

ವಿನಯಾ ಒಪ್ಪಿಗೆ ಪತ್ರ ಹಿಡಿದು ನಿಂತಳು. "ಮತ್ತೆ ಹಾಕಿದ್ರೆ ವಾಪಸ್ ತೆಗೆಯೋಕಾಗತ್ತಾ ಡಾಕ್ಟ್ರೇ?"

"ಈ ವಯಸ್ಸಿಗೆ ಹೇಳೋಕೆ ಬರಲ್ಲ," ಎಂದೆ, ಗಂಭೀರವಾಗಿ. ಗಾಂಭೀರ್ಯ ನನಗೆ ಚೆನ್ನಾಗಿ ಒಪ್ಪುತ್ತದೆ ಎಂದು ಕೆಲವರು ಹೇಳಿದ್ದಾರೆ.

ಅವಳು ಸಹಿ ಮಾಡಿ ಪತ್ರ ಕೊಟ್ಟಳು. "ಹಾಕೋ ಮೊದಲು ಒಂದ್ಸಲ ಅಮ್ಮನ್ನ ಮಾತಾಡಿಸ್ಲಾ?" ಎಂದಳು. ಎರಡು ನಿಮಿಷ ಮಾತ್ರ ಎಂದು ದೊಡ್ಡ ಮನಸ್ಸು ಮಾಡಿ ಒಳಗೆ ಬಿಟ್ಟೆ. ಆಗಲೇ ನಾನು ಕೈಗವಸು ಹಾಕಿಕೊಂಡಾಗಿತ್ತು.

"ಎಂತಾತೇ ಅಮ್ಮಾ? ನೋವು ಇದ್ದಾ?"

"ಇಲ್ಲೆ ಮಾರಾಯ್ತಿ," ಎಂದರು ವಾಗ್ದೇವಮ್ಮ. "ಬೆಳಿಗ್ಗಿಂದ ಆನು ಅದನ್ನೇ ಹೇಳ್ತಾ ಇದ್ದಿ. ಪಾಪ, ಡಾಕ್ಟ್ರಿಗೆ ಕಿವಿ ಕೇಳ್ತಿಲ್ಲೆ ಕಾಣ್ತು."

ವಿನಯಾ ನನ್ನ ಕಡೆ ತಿರುಗಿದಳು. "ನಮ್ಮ ಮನೆಮಾತಲ್ಲಿ ‘ಇಲ್ಲೆ’ ಅಂದ್ರೆ ‘ಇಲ್ಲ’ ಅಂತ ಡಾಕ್ಟ್ರೇ. ಅಮ್ಮಂಗೆ ಎಲ್ಲೂ ನೋವಿಲ್ಲ!"

ಹೊರಗಿನವರ ಹತ್ತಿರ ಎಲ್ಲರ ಹಾಗೆಯೇ ಮಾತಾಡುವವರು, ಔಷಧಿಯ ಮಂಪರಿನಲ್ಲಿ ಮನೆಮಾತಿಗೇ ಇಳಿದುಬಿಡುತ್ತಾರಂತೆ. ಅದನ್ನು ವಿವರಿಸುತ್ತ ವಿನಯಾ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ನನ್ನ ಹಾಗೆಯೇ ಬಯಲುಸೀಮೆಯವಳಾದ ನರ್ಸ್ ಕಾವ್ಯಾ ಬಾಯಿಗೆ ಕೈ ಅಡ್ಡ ಹಿಡಿದಳು. ಕನ್ನಡದವನಿಗೆ ಕನ್ನಡಕ್ಕೇ ದುಭಾಷಿ ಬೇಕಾಯಿತಲ್ಲ ಎಂದು ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಆಂಬುಲೆನ್ಸು ವಾಪಸು ಹೋಯಿತು. ವಾಗ್ದೇವಮ್ಮ ವಾರ್ಡಿಗೆ ಹೊರಟರು, ಹೋಗುವಾಗ ನನಗೆ ಕೈಸನ್ನೆಯಲ್ಲೇ ಟಾಟಾ ಮಾಡಿದರು. ಕಿವುಡನಿಗೆ ಮಾತು ದಂಡ ಎಂದುಕೊಂಡಿರಬೇಕು.

ಕುರ್ಚಿಯಲ್ಲಿ ಕೂತು, ಅವರ ಫೈಲಿನಲ್ಲಿ ಬರೆದಿದ್ದ ‘ಮೈಯೆಲ್ಲ ನೋವು’ ಎಂಬುದನ್ನು ಹೊಡೆದುಹಾಕುವಾಗ, ನಗು ಅಲ್ಲಿಗೇ ನಿಂತಿತು. ಹೋದ ತಿಂಗಳು ಇದೇ ಕೋಣೆಯಲ್ಲಿದ್ದ ಸುಬ್ಬರಾಯ ಹೆಗಡೆಯವರು ನೆನಪಾದರು. ಉಳಿಯುವವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನೋವಿದೆಯಾ ಎಂದು ಕೇಳಿದ್ದಕ್ಕೆ ಅವರೂ ‘ಇಲ್ಲೆ, ಇಲ್ಲೆ’ ಎಂದು ಕೈಯಾಡಿಸಿದ್ದರು. ಕೇಳಿದಷ್ಟು ಸಲವೂ ನಾನು, ನೋವು ತಿಳಿಯದಿರಲೆಂದು, ನಿದ್ದೆಯ ಔಷಧಿ ಹೆಚ್ಚಿಸುತ್ತ ಹೋಗಿದ್ದೆ. ಎರಡು ದಿನ ಹೊರಗೆ ಕಾದಿದ್ದ ಅವರ ಹೆಂಡತಿ ಕೊನೆಗೆ, "ನನ್ ಹತ್ರ ಒಂದು ಮಾತೂ ಆಡ್ದೇ ಹೋದ್ರಲ್ಲ," ಎಂದು ಅತ್ತಾಗ, "ನೋವಿಲ್ಲದೆ ಹೋದರಮ್ಮ," ಎಂದು ಸಮಾಧಾನ ಹೇಳಿದವನೂ ನಾನೇ.