ಹದಿನಾರನೆಯ ರೀಲು

ಡಿ.ವಿ.ಡಿ.ಯನ್ನು ನಾಮದೇವ ಜೋಳದ ಚೀಲದೊಳಗೆ ಮೊಳಕೈವರೆಗೂ ಕೈಯಿಳಿಸಿ ಹುಗಿದ. ಕೈ ಝಾಡಿಸಿಕೊಂಡು ತಿರುಗಿದರೆ ಬಾಗಿಲಲ್ಲಿ ಹೆಂಡತಿ ಅಕ್ಕುತಾಯಿ ನಿಂತಿದ್ದಳು.

“ಜ್ವಾಳದಾಗ ಏನ ಹುಡಕಾಕತ್ತೀರಿ?”

“ನುಸಿ ಆಗ್ಯಾವೇನ ಅಂತ ನೋಡಾಕತ್ತಿದ್ನಿ.”

“ನುಸಿ ನಾ ನೋಡ್ಕೋತೀನಿ. ಮಾಸ್ತರ ಹೊರಗ ನಿಂತಾರ. ಸಿನೆಮಾ ಕೊಡ್ರಿ.”

ಮಾಸ್ತರ ಎಂದರೆ ಲಗಮಪ್ಪ. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿತ್ತು, ಪಾಠ ಮಾಡುವ ಚಟ ಮಾತ್ರ ನಿವೃತ್ತವಾಗಿರಲಿಲ್ಲ. 2011ರ ಆ ಭಾನುವಾರ ಕಾಗವಾಡದ ಶಾಲೆಯ ಹಾಲಿನಲ್ಲಿ ಅವರು ಎರಡು ಸಿನೆಮಾ ತೋರಿಸುವವರಿದ್ದರು, ಒಂದು ಮರಾಠಿ, ಒಂದು ಕನ್ನಡ. ಎರಡೂ ಒಂದೇ ನಾಟಕದಿಂದ ಹುಟ್ಟಿದವು. ಊರ ಬಾಯಲ್ಲಿ ಅದು ‘ಅಂಬಿಗನ ನಾಟಕ’. ದೊರೆಯ ಮಗಳು ಅಂಬಿಗನನ್ನು ಮೆಚ್ಚಿ ಅವನ ಜೊತೆ ಹೊಳೆ ದಾಟಲು ಹೊರಡುತ್ತಾಳೆ. ತಂದೆ ದೋಣಿಗೆ ಗುಟ್ಟಾಗಿ ತೂತು ಕೊರೆಸಿರುತ್ತಾನೆ. ನಡುಹೊಳೆಯಲ್ಲಿ ಇಬ್ಬರೂ ಮುಳುಗುತ್ತಾರೆ. ಮೂರು ತಲೆಮಾರು ಇದನ್ನು ನೋಡಿ ಸೆರಗು ಒದ್ದೆ ಮಾಡಿಕೊಂಡಿತ್ತು.

ಮರಾಠಿ ಸಿನೆಮಾದಲ್ಲಿಯೂ ಇಬ್ಬರೂ ಸಾಯುತ್ತಾರೆ. ಕನ್ನಡದ್ದರಲ್ಲಿ ಮಾತ್ರ ದೋಣಿ ದಂಡೆ ಬಿಡುತ್ತದೆ, ಹಾಡು ಮುಗಿಯುತ್ತದೆ, ‘ಶುಭಂ’ ಬೀಳುತ್ತದೆ. 1977ರಲ್ಲಿ ಕಾಗವಾಡದ ಟೆಂಟಿನಲ್ಲಿ ಅದನ್ನು ಕಂಡವರೆಲ್ಲ ಹಾಗೇ ಹೇಳುತ್ತಿದ್ದರು. ಮಾಸ್ತರರಿಗೂ ಅಕ್ಕುತಾಯಿಗೂ ವಾದ ಹತ್ತುತ್ತಿದ್ದದ್ದು ಇದೇ ಮಾತಿಗೆ.

“ದುರಂತ ಅಂದ ಮ್ಯಾಲ ಸಾಯಬೇಕು ವೈನಿ. ಮರಾಠಿಯವರು ನಾಟಕದ ಮಾನ ಉಳಿಸ್ಯಾರ. ನಮ್ಮವರು ಹಾಲಿಗೆ ನೀರ ಬೆರಿಸ್ಯಾರ.”

“ಕೊಲ್ಲಾಕ ಯಾರಿಗರೆ ಬರತೈತ್ರಿ ಮಾಸ್ತರ. ಬದುಕಿಸಾಕ ಎದಿ ಬೇಕು. ನಾ ಆ ಸಿನೆಮಾ ನೋಡಿದ ಮ್ಯಾಲನ ಇವರ ಕೂಡ ಬಂದ್ನಿ.”

ಈ ಮಾತು ಬಂದಾಗಲೆಲ್ಲ ನಾಮದೇವ ಎದ್ದು ಹೋಗುತ್ತಿದ್ದ. ಅವನಿಗೆ ನಾಚಿಕೆ ಎಂದು ಜನ ನಗುತ್ತಿದ್ದರು. ಅದು ನಾಚಿಕೆಯಲ್ಲ, ಭಯ.

ಆಗ ಟೆಂಟಿನ ಆಪರೇಟರ್ ಅವನೇ. ಕೂಲಿಯವರ ಮಗ. ಅಕ್ಕುತಾಯಿ ಜುಗೂಳದ ಕಬ್ಬಿನ ಧಣಿ ಧರೆಪ್ಪನ ಮಗಳು. ಕಣ್ಣಿಗೆ ಕಣ್ಣು ಕೂಡಿ ವರ್ಷವಾಗಿತ್ತು. ಕೃಷ್ಣೆ ದಾಟಿ ಆಚೆ ದಂಡೆಯಲ್ಲಿ ಲಗ್ನವಾಗೋಣ ಎಂದು ಅವನು ಚೀಟಿ ಕೊಟ್ಟಿದ್ದ. ನಿಪ್ಪಾಣಿಯ ಸೋದರತ್ತೆಯ ಮನೆಯಲ್ಲಿ ದೀಪಾವಳಿ ಮುಗಿಸಿ ಬಂದ ಅವಳು ಹೂಂ ಎಂದಿರಲಿಲ್ಲ, ಉಹೂಂ ಎಂದಿರಲಿಲ್ಲ. ಅಷ್ಟರಲ್ಲಿ ಟೆಂಟಿಗೆ ಬಂದದ್ದು ಈ ಸಿನೆಮಾ, ದೊಡ್ಡ ಊರುಗಳಲ್ಲೆಲ್ಲ ಓಡಿ ಗೀರುಬಿದ್ದ ಪ್ರಿಂಟು.

ಹದಿನಾರನೆಯ ರೀಲನ್ನು ಹಗಲಿನಲ್ಲೇ ಒಬ್ಬನೇ ನೋಡಿದ ನಾಮದೇವ ಬೆವತುಹೋದ. ಮನೆ ಬಿಟ್ಟು ದೋಣಿ ಹತ್ತಿದ ಹುಡುಗಿ ನೀರುಪಾಲು! ಇದನ್ನು ಕಂಡ ಯಾವ ಹೆಣ್ಣು ಹೊಳೆಯ ಕಡೆ ಕಾಲಿಟ್ಟಾಳು? ಆಟದ ಹೊತ್ತಿಗೆ ಅವನು ಆ ರೀಲನ್ನು ಡಬ್ಬಿಯಿಂದ ಹೊರಗೇ ತೆಗೆಯಲಿಲ್ಲ. ಬೇರೊಂದು ಸಿನೆಮಾದ ‘ಶುಭಂ’ ಕತ್ತರಿಸಿ ಹದಿನೈದನೆಯದರ ಬಾಲಕ್ಕೆ ಅಂಟಿಸಿದ. ಆಟ ಬೇಗ ಬಿಟ್ಟು ಜನಕ್ಕೆ ಕೊನೆಯ ಬಸ್ಸು ಸಿಕ್ಕಿತು, ಮಾಲಕನೂ ಖುಷಿಯಾದ. ನಾಲ್ಕನೆಯ ದಿನ ಅಕ್ಕುತಾಯಿ ಬಂದು ಸಿನೆಮಾ ನೋಡಿದಳು. ಐದನೆಯ ದಿನ ಮುಂಜಾನೆ ಜುಗೂಳದ ದಂಡೆಗೆ ಬಂದು ನಿಂತಳು.

ಧರೆಪ್ಪ ಮತ್ತೆ ಮಗಳ ಮುಖ ನೋಡಲಿಲ್ಲ. ತಾಯಿ ಸತ್ತಾಗ ಮಣ್ಣಿಗೂ ಕರೆಯಲಿಲ್ಲ. ಆ ದಿನ ಅಕ್ಕುತಾಯಿ ಒಲೆ ಹಚ್ಚದೆ ಗೋಡೆಗೆ ಒರಗಿ ಕುಳಿತಿದ್ದಳು. ಒಂದು ಸುಳ್ಳು ಹೇಳಿ ಇವಳ ತವರನ್ನು ಕಿತ್ತುಕೊಂಡೆನಲ್ಲ ಎಂದುಕೊಳ್ಳುತ್ತ ನಾಮದೇವ ತಾನೇ ಒಲೆ ಹಚ್ಚಿದ. ನಿಜ ಗೊತ್ತಾದರೆ ಅವಳು ತನ್ನನ್ನು ಗಂಡನೆಂದು ನೋಡುವುದಿಲ್ಲ, ಮೋಸಗಾರನೆಂದೇ ನೋಡುತ್ತಾಳೆ ಎಂಬ ಹೆದರಿಕೆ ಅಂದಿನಿಂದ ಬಿಡಲಿಲ್ಲ. ಮುಂದೆ ಮಗಳು ಪ್ರಾಜಕ್ತಾ ರಾಯಬಾಗದಿಂದ ಆ ಕನ್ನಡ ಸಿನೆಮಾದ ಕ್ಯಾಸೆಟ್ ತರುತ್ತೇನೆಂದಾಗ ಅಕ್ಕುತಾಯಿಯೇ ಬೇಡವೆಂದಿದ್ದಳು: “ನೋಡಿದ್ದನ್ನ ಎಷ್ಟ ಸಲ ನೋಡೂದು?” ದೇವರು ದೊಡ್ಡವನು ಎಂದುಕೊಂಡಿದ್ದ ನಾಮದೇವ. ಈಗ ಪ್ರಾಜಕ್ತಾ ಹೇಳದೆ ಕೇಳದೆ ಡಿ.ವಿ.ಡಿ.ಯನ್ನೇ ತಂದಿದ್ದಳು.

ಬಾಗಿಲಲ್ಲಿ ನಿಂತಿದ್ದ ಅಕ್ಕುತಾಯಿ ಒಳಬಂದು ಜೋಳದ ಚೀಲಕ್ಕೆ ಕೈಹಾಕಿ ಅದನ್ನು ಹೊರತೆಗೆದಳು. ನುಸಿಯ ಮಾತೆತ್ತಲಿಲ್ಲ. “ನೀವ ಮಷೀನ ಹಚ್ಚಬೇಕಂತ. ಈ ಸಲಾ ಕಡೀತನಾ ಓಡಸ್ರಿ,” ಎಂದಳು.

ಬೆಳಿಗ್ಗೆ ಮರಾಠಿಯದು ಮುಗಿಯಿತು. ಮಾಸ್ತರರು ಕಣ್ಣೊರೆಸಿಕೊಂಡು, “ಇದು ದುರಂತ!” ಎಂದರು. ಮಧ್ಯಾಹ್ನ ಕನ್ನಡದ್ದು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಅಕ್ಕುತಾಯಿ ಮುಂದಿನ ಬೆಂಚಿನಲ್ಲಿ, ನಾಮದೇವ ಪ್ರೊಜೆಕ್ಟರಿನ ಪಕ್ಕದಲ್ಲಿ. ದೋಣಿ ದಂಡೆ ಬಿಟ್ಟಿತು. ಹಾಡು ಮುಗಿಯಿತು. ‘ಶುಭಂ’ ಬರಲಿಲ್ಲ. ದೋಣಿಯ ತಳದಲ್ಲಿ ನೀರು ಜಿನುಗುವುದು ಕಂಡದ್ದೇ ತಡ, ನಾಮದೇವನ ಕಾಲು ಪ್ಲಗ್ಗನ್ನು ಎಳೆದುಬಿಟ್ಟಿತು.

“ಕರೆಂಟ ಹೋತ!” ಎಂದು ನಾಲ್ಕು ಜನ ಒಟ್ಟಿಗೆ ಕೂಗಿದರು. ನಮ್ಮ ಕಡೆ ಅದಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ. ಮಾಸ್ತರರು ಎಲ್ಲರನ್ನೂ ಚಹಾಕ್ಕೆ ಕರೆದೊಯ್ದರು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಕತ್ತೆತ್ತಿ ನೋಡಿದವಳು ಅಕ್ಕುತಾಯಿ ಒಬ್ಬಳೇ.

ಖಾಲಿ ಹಾಲಿನಲ್ಲಿ ನಾಮದೇವ ಬಂದು ಅವಳ ಪಕ್ಕ ಕುಳಿತ. ಇನ್ನು ಹೊರಲಾರೆ ಎನ್ನಿಸಿತು.

“ಅಕ್ಕೂ, ಆವಾಗ ಕಡೀ ರೀಲ ನಾನ ತಗದಿದ್ನಿ. ಇದರಾಗೂ ಅಕಿ ಸಾಯತಾಳ. ನೋಡಿದ್ರ ನೀ ಬರತಿರಲಿಲ್ಲಂತ ನಿನಗ ಮೋಸಾ ಮಾಡೀನಿ.”

“ಎಲ್ಲಿ ಮೋಸರಿ? ಆ ದೀಪಾವಳಿಗೆ ನಿಪ್ಪಾಣಿ ಥೇಟರಿನಾಗ ಅಕಿ ಮುಳಗೂದ ನೋಡೇ ನಾ ನಿಮ್ಮ ದೋಣಿ ಹತ್ತಿದ್ನಿ.”