ಅರ್ಧ ಗಂಟೆಯ ದಾರಿ

"ಅರ್ಧ ಗಂಟೆ ಆಯ್ತು, ಇಳಿಯೋಣ ನಡೀರಿ," ಎಂದು ದೊಡ್ಡಮ್ಮ ಬೆಲ್ಟು ಬಿಚ್ಚಿ ಎದ್ದು ನಿಂತಾಗ ವಿಮಾನ ಇನ್ನೂ ಮೋಡದ ಮೇಲೇ ಇತ್ತು.

ಮುಚ್ಚಿದ ಬಾಗಿಲೆಂದರೆ ಆಕೆಗೆ ಉಸಿರು ಕಟ್ಟುತ್ತಿತ್ತು. ಬಚ್ಚಲಿಗೂ ಚಿಲಕ ಹಾಕಿದವಳಲ್ಲ. ಮನೆಗೆ ಯಾರಾದರೂ ಬಂದಿದ್ದರೆ ಒಳಗಿನಿಂದ ಗಟ್ಟಿಯಾಗಿ ಹಾಡಿಕೊಳ್ಳುತ್ತಿದ್ದಳು, ಅಷ್ಟೆ. ಅಂಥವಳು ವಿಮಾನ ಹತ್ತಿದ್ದು ತಂಗಿಗೋಸ್ಕರ. ಕಡಲಾಚೆ ಇದ್ದ ತಂಗಿಯ ಕಣ್ಣು ದಿನೇ ದಿನೇ ಮಬ್ಬಾಗುತ್ತಿತ್ತು. "ಪೂರ್ತಿ ಕತ್ತಲಾಗೋಕೆ ಮುಂಚೆ ನಿನ್ನ ಮುಖ ಒಂದ್ಸಲ ನೋಡ್ಬೇಕು ಅಕ್ಕ," ಎಂದು ಫೋನಿನಲ್ಲಿ ಅಂದಿದ್ದಳು. ಧೈರ್ಯ ತುಂಬಿದವರು ಯಜಮಾನರು. ಬಸ್ ನಿಲ್ದಾಣದಲ್ಲಿ ಹೊರಡುವ ಹೊತ್ತು, ತಲುಪುವ ಹೊತ್ತು ಕೂಗಿ ಕೂಗಿಯೇ ತಲೆ ನರೆಸಿಕೊಂಡವರು. ಹೊರಡುವುದು ಹತ್ತಕ್ಕೆ, ತಲುಪುವುದು ಹತ್ತೂವರೆಗೆ ಎಂದು ಟಿಕೆಟಿನ ಮೇಲೆ ಬೆರಳಿಟ್ಟು ತೋರಿಸಿದ್ದರು.

"ಎರಡೂವರೆ ಸಾವಿರ ಕಿಲೋಮೀಟರು ಅರ್ಧ ಗಂಟೇಲಾ?" ಎಂದು ಆಕೆ ಆಗಲೇ ಕೇಳಿದ್ದಳು.

"ವಿಮಾನ ಕಣೇ ಅದು. ಗುಂಡಿ ಇಲ್ಲ, ಉಬ್ಬು ಇಲ್ಲ, ದಾರೀಲಿ ಕೈ ಅಡ್ಡ ಹಾಕೋರಿಲ್ಲ."

ಈಗ ಗಗನಸಖಿ ಓಡಿ ಬಂದಳು. "ಅಮ್ಮಾ, ಇನ್ನೂ ಎರಡೂವರೆ ಗಂಟೆ ಇದೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಟಿಕೆಟಲ್ಲಿರೋದು ಅಲ್ಲಿಯ ಹತ್ತೂವರೆ."

ಯಜಮಾನರು ಜೇಬಿನಿಂದ ಟಿಕೆಟು ತೆಗೆದು ಮತ್ತೊಮ್ಮೆ ನೋಡಿದರು. "ಬಸ್ಸಿನ ಲೆಕ್ಕ ಹಾಕ್ಬಿಟ್ಟೆ ಕಣೇ. ನಮ್ಮಲ್ಲಿ ಊರೂರಿಗೆ ಗಡಿಯಾರ ಬೇರೆ ಇರ್ತಿರಲಿಲ್ಲ."

ದೊಡ್ಡಮ್ಮ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು. ಅವರು ಆಕೆಗಿಂತ ಹೆಚ್ಚು ನಡುಗುತ್ತಿದ್ದರು.

"ನಿಮ್ಮ ಬಸ್ಸಾಗಿದ್ರೆ ಸೀಟಿ ಊದಿಸಿ ಇಳೀತಿದ್ದೆ," ಎಂದವಳೇ ಕೂತಳು. ಬೆಲ್ಟು ಬಿಗಿದಳು. ಹೊದ್ದ ಶಾಲಿನ ಅಂಚಿನ ಎಳೆಗಳನ್ನು ಮೂರು ಮೂರಾಗಿ ಹಿಡಿದು, ಚಿಕ್ಕಂದಿನಲ್ಲಿ ತಂಗಿಗೆ ಹಾಕುತ್ತಿದ್ದಂತೆ ಪುಟ್ಟ ಪುಟ್ಟ ಜಡೆ ಹೆಣೆಯತೊಡಗಿದಳು. ಎದೆ ಡವಗುಟ್ಟಿದಾಗ ಬೆರಳು ಬಿರುಸಾಯಿತು. ಒಂದು ತುದಿ ಮುಗಿದ ಮೇಲೆ ಇನ್ನೊಂದು. ಚಕ್ರ ನೆಲ ಮುಟ್ಟಿದಾಗ ಶಾಲಿನಲ್ಲಿ ಬಿಡಿ ಎಳೆ ಒಂದೂ ಉಳಿದಿರಲಿಲ್ಲ. ಯಜಮಾನರು ಕಣ್ಣೊರೆಸಿಕೊಳ್ಳುತ್ತಿದ್ದರು.

ತಂಗಿ ತನ್ನ ಮನೆಯಿದ್ದ ಕಟ್ಟಡದ ಬುಡದಲ್ಲೇ ಗೋಡೆ ಹಿಡಿದು ಕಾಯುತ್ತಿದ್ದಳು. ಅಕ್ಕನ ಧ್ವನಿ ಕೇಳಿದ್ದೇ ತಡ, ತಡವರಿಸುತ್ತಾ ಬಂದು ತಬ್ಬಿಕೊಂಡಳು.

"ಏಳನೇ ಮಹಡಿ ಅಕ್ಕ. ಲಿಫ್ಟ್ ಹತ್ತಲ್ಲ ನೀನು ಅಂತ ಮೆಟ್ಟಿಲ ತಿರುವಿಗೊಂದು ಕುರ್ಚಿ ಹಾಕ್ಸಿದೀನಿ. ಅಕ್ಕಪಕ್ಕದೋರ ಮನೇಲೆಲ್ಲ ಬೇಡಿ ತಂದಿದ್ದು. ಕೂತ್ಕೊಂಡು ಕೂತ್ಕೊಂಡು ಹತ್ತೋಣ."

"ಕುರ್ಚಿಗಳ್ನ ವಾಪಸ್ ಕೊಟ್ಬಿಡು," ಎಂದು ದೊಡ್ಡಮ್ಮ ತಂಗಿಯ ಕೈ ಹಿಡಿದು ಲಿಫ್ಟಿನೊಳಗೆ ನಡೆದಳು. ಗುಂಡಿಯನ್ನು ತಾನೇ ಒತ್ತಿದಳು. ಬಾಗಿಲು ಮುಚ್ಚಿಕೊಂಡಿತು. ನೆತ್ತಿಯ ಮೇಲೆ ಬಿಳಿ ದೀಪ ಝಗ್ಗೆಂದು ಉರಿಯುತ್ತಿತ್ತು. ಆಕೆ ಮುಖವನ್ನು ತಂಗಿಯ ಮುಖದ ಹತ್ತಿರಕ್ಕೆ ತಂದಳು.

"ಇಲ್ಲಿ ಬೆಳಕು ಚೆನ್ನಾಗಿದೆ. ಈಗ ನೋಡು, ನಿಧಾನವಾಗಿ."