ಮಿಂಗ್ ದಡ, ಚಿಂಗ್ ದಡ

ದೋಣಿಗರು ಹೇಳುವಂತೆ, ಯುನ್‌ಶಿ ಪಟ್ಟಣದಲ್ಲಿ ಯಾವ ಕಚೇರಿಯೂ ಎಂದೂ ಮುಚ್ಚಿದ್ದಿಲ್ಲ. ಮಿಂಗ್, ಚಿಂಗ್ ರಾಜವಂಶಗಳು ಅಳಿದು ಎಷ್ಟೋ ಕಾಲವಾದರೂ ಅವುಗಳ ಅಧಿಕಾರಿಗಳು ತಮ್ಮ ಪಾಲಿಗೆ ಉಳಿದ ಬೀದಿಗಳನ್ನು ಆಳುತ್ತಲೇ ಇದ್ದರು. ಕಾಲುವೆಯ ಈಚೆಗೆ ಮಿಂಗರ ಆಡಳಿತ, ಆಚೆಗೆ ಚಿಂಗರದು. ಒಬ್ಬರ ಅಪರಾಧಿಯನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ.

ಈಚೆ ದಡದ ಶೂಲಾನಳ ತಮ್ಮನನ್ನು ಕೊಂದ ಗಾವೋ, ಕಾಲುವೆ ದಾಟಿ ಆಚೆ ಮನೆ ಮಾಡಿಕೊಂಡಿದ್ದ. ಅಂದಿನಿಂದ ಶೂಲಾನ್ ಅವನ ಮನೆಗಿಂತ ತುಸು ಮೇಲೆ ಕಾಲುವೆ ತಿರುಗುವಲ್ಲಿ ನೀರಿಗೆ ದಿನಕ್ಕೊಂದು ಬುಟ್ಟಿ ಕಲ್ಲು ಸುರಿಯತೊಡಗಿದಳು. ಹದಿನೆಂಟು ವರ್ಷ ಸುರಿದಳು.

"ಏನಮ್ಮಾ, ಕಾಲುವೆಗೇ ಗೋರಿ ಕಟ್ತಿದ್ದೀಯಾ?" ಎಂದು ಗಾವೋ ಹೊಸ್ತಿಲಲ್ಲಿ ಕುಳಿತು ನಗುತ್ತಿದ್ದ.

"ನೀನು ಚಹಾ ಕುಡಿಯಪ್ಪಾ, ಆರಿಹೋಗುತ್ತೆ," ಎನ್ನುತ್ತಿದ್ದಳು ಶೂಲಾನ್.

ಈ ವರ್ಷದ ನೆರೆಗೆ ತಿರುವು ಪೂರ್ತಿ ಕಟ್ಟಿಕೊಂಡು, ನೀರು ಗಾವೋನ ಮನೆಯ ಹಿಂಬದಿಯಲ್ಲಿ ಹೊಸ ದಾರಿ ಮಾಡಿಕೊಂಡಿತು. ಮನೆಯ ಮುಂದಿನ ಹಳೆಯ ಪಾತ್ರ ಒಣಗಿತು. ಅಂಗಳ ದೊಡ್ಡದಾಯಿತೆಂದು ಹಿಗ್ಗಿ ಗಾವೋ ಅಲ್ಲಿ ಮೂಲಂಗಿ ಬಿತ್ತಿದ.

ಅದು ಮೊಳೆಯುವಷ್ಟರಲ್ಲಿ ಗಡಿ ಅಳೆಯುವ ದಿನ ಬಂತು. ನೀರು ಹರಿದಲ್ಲೇ ಗಡಿ ಎಂಬುದು ಎರಡೂ ಕಚೇರಿಗಳು ಒಪ್ಪಿದ ಒಂದೇ ಮಾತು. ಚಿಂಗ್ ಗುಮಾಸ್ತ ಹೊಸ ಕಾಲುವೆಯ ಗುಂಟ ನಡೆದು, ತನ್ನ ನಕ್ಷೆಯಿಂದ ಗಾವೋನ ಮನೆಯನ್ನು ಹೊಡೆದುಹಾಕಿ ಹೊರಟುಹೋದ. ಮಿಂಗ್ ಕಾವಲುಗಾರರು ಹದಿನೆಂಟು ವರ್ಷ ಕಾದಿದ್ದ ಬಂಧನದ ಆಜ್ಞೆಯನ್ನು ಬಿಚ್ಚಿ ಓದಿದರು.

ಗಾವೋ ಮೂಲಂಗಿಯ ಸಾಲಿನಲ್ಲೇ ಶೂಲಾನಳ ಮುಂದೆ ಮೊಣಕಾಲೂರಿದ. "ತಪ್ಪಾಯ್ತು ಅಕ್ಕಾ, ಬಿಟ್ಟುಬಿಡೋಕೆ ಹೇಳು!"

ಅವಳನ್ನು ಹಾಗೆ ಕರೆಯುತ್ತಿದ್ದವನು ಒಬ್ಬನೇ ಇದ್ದ. ಶೂಲಾನ್ ಕಾವಲುಗಾರರತ್ತ ತಿರುಗಿದಳು.

"ಬಿಗಿಯಾಗಿ ಕಟ್ರಪ್ಪಾ," ಎಂದಳು.